ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ಊಟ ಎಲ್ಲಿ?

ತುಮಕೂರು ಸೀಮೆಯ ಹೊಲದಲ್ಲಿ ರಾಗಿ, ಅವರೆ, ತೊಗರಿ, ಹಲಸು, ತೆಂಗು ಎಲ್ಲವೂ ಇವೆ. ಸಾವಿರಾರು ಮಕ್ಕಳಿಗೆ ಒಟ್ಟಿಗೆ ಬೇಯಿಸಿ ಬಡಿಸುವ ವಿದ್ಯೆಯೂ ಈ ಊರಿಗೆ ಗೊತ್ತು. ಕಾಲೇಜಿನ ಕ್ಯಾಂಟೀನಿಗೆ ಮಾತ್ರ ಎರಡೂ ತಲುಪಿಲ್ಲ.

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟ ಉಂಟು. 2002ರಲ್ಲಿ ಈಶಾನ್ಯ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಶುರುವಾದ ‘ಅಕ್ಷರ ದಾಸೋಹ’ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು, ಪ್ರೌಢಶಾಲೆಗೂ ಬಂತು. ಹಾಲು ಸೇರಿತು, ಮೊಟ್ಟೆ ಸೇರಿತು. ಬಡವರ ಮನೆಯ ಮಕ್ಕಳು ಶಾಲೆ ಬಿಡದೆ ಉಳಿದಿದ್ದರಲ್ಲಿ ಆ ಬಿಸಿ ಅನ್ನ ಸಾರಿನ ಪಾಲು ದೊಡ್ಡದು.

ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಆ ಊಟ ನಿಲ್ಲುತ್ತದೆ. ಆ ಊಟ ಉಂಡು ಓದಿದ ಹುಡುಗಿ ಪದವಿಗೆ ಸೇರುವ ಹೊತ್ತಿಗೆ ಅವಳ ಕಾಲೇಜು ಇನ್ನಷ್ಟು ದೂರ ಹೋಗಿರುತ್ತದೆ, ದಿನ ಇನ್ನಷ್ಟು ಉದ್ದವಾಗಿರುತ್ತದೆ, ಮೈಗೆ ಬೇಕಾದ ಆಹಾರ ಹೆಚ್ಚಾಗಿರುತ್ತದೆ. ಮಧ್ಯಾಹ್ನ ಏನು ತಿನ್ನುತ್ತಾಳೆ ಎಂದು ಕೇಳುವವರು ಮಾತ್ರ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಕಾಲೇಜಿನಲ್ಲಿ ದಾನಿಗಳು, ಸೇವಾ ಸಂಸ್ಥೆಗಳು ಮುಂದೆ ಬಂದು ಊಟ ಹಾಕುವುದುಂಟು. ಅದು ಪುಣ್ಯದ ಕೆಲಸ. ಆದರೆ ದಾನಿ ಸಿಕ್ಕ ಕಾಲೇಜಿಗೆ ಊಟ, ಸಿಗದ ಕಾಲೇಜಿಗೆ ಉಪವಾಸ ಎಂಬುದು ವ್ಯವಸ್ಥೆ ಆಗಲಾರದು.

ಕ್ಯಾಂಪಸ್ಸಿನಲ್ಲಿ ಸುಸ್ಥಿರ ಆಹಾರ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಸ್ಥಳೀಯ ಧಾನ್ಯ ತಿನ್ನಿ, ಋತುವಿಗೆ ತಕ್ಕ ತರಕಾರಿ ಬಳಸಿ, ಅನ್ನ ಚೆಲ್ಲಬೇಡಿ ಎಂದು ವಿದ್ಯಾರ್ಥಿಗಳಿಗೆ ಉಪದೇಶ ನಡೆಯುತ್ತದೆ, ಪೋಸ್ಟರ್ ಅಂಟುತ್ತದೆ. ನನ್ನ ವಾದ ಇಷ್ಟೆ: ನಮ್ಮ ಹುಡುಗರ ನಾಲಿಗೆ ಕೆಟ್ಟಿಲ್ಲ. ಹಸಿವಾದ ಹೊತ್ತಿಗೆ, ಕೈಗೆಟುಕುವ ದುಡ್ಡಿಗೆ, ಕಾಲೇಜಿನ ಬಾಗಿಲಲ್ಲೇ ಒಳ್ಳೆಯ ಊಟ ಸಿಗುವ ಹಾಗೆ ಮಾಡಿದರೆ ಅವರು ಅದನ್ನೇ ತಿನ್ನುತ್ತಾರೆ. ಆ ಊಟ ಪಕ್ಕದ ಹೊಲದ ರೈತನನ್ನೂ ಉಳಿಸುತ್ತದೆ.

ಬಸ್ಸಿನ ಹೊತ್ತು, ಹೊಟ್ಟೆಯ ಹೊತ್ತು

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾಯಿತು. ಅಲ್ಲಿಯವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಯ ಕಾಲೇಜುಗಳು ಇದರಡಿ ಬಂದವು. ಎಂಜಿನಿಯರಿಂಗ್ ಓದುವವರಿಗೆ ತುಮಕೂರಿನಲ್ಲಿ 1963ರಷ್ಟು ಹಿಂದೆಯೇ ಸ್ಥಾಪನೆಯಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇದೆ, ಗುಬ್ಬಿಯಲ್ಲೂ ಚನ್ನಬಸವೇಶ್ವರ ತಾಂತ್ರಿಕ ಸಂಸ್ಥೆ ಇದೆ. ಗುಬ್ಬಿ, ಕುಣಿಗಲ್ ಎರಡೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲೇ ಇದ್ದರೂ ಹಳ್ಳಿಯ ಹೆಚ್ಚಿನ ಮಕ್ಕಳಿಗೆ ಓದು ಅಂದರೆ ಈ ಊರುಗಳೇ.

ಇವರಲ್ಲಿ ದೊಡ್ಡ ಪಾಲು ದಿನಾ ಓಡಾಡುವವರು. ಗುಬ್ಬಿಯಿಂದ ತುಮಕೂರಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಬಸ್ಸಿದೆ, ಅರಸೀಕೆರೆ ಕಡೆಯಿಂದ ಬರುವ ರೈಲೂ ಇದೆ. ಕುಣಿಗಲ್‌ನಿಂದ ಹೆಬ್ಬೂರು ಮಾರ್ಗವಾಗಿ ಮೂವತ್ತೈದು ಕಿಲೋಮೀಟರಿಗೂ ಮಿಕ್ಕು. ಬೆಂಗಳೂರು–ಹಾಸನ ರೈಲು ಮಾರ್ಗ ಕುಣಿಗಲ್ ಮೇಲೆ ಹಾದುಹೋದರೂ ತುಮಕೂರನ್ನು ಮುಟ್ಟುವುದಿಲ್ಲ, ಹಾಗಾಗಿ ಬಸ್ಸೇ ಗತಿ. ಇದು ಪಟ್ಟಣದಿಂದ ಪಟ್ಟಣಕ್ಕೆ ಆಗುವ ದೂರ. ಹಾಗಲವಾಡಿ ಕಡೆಯ ಅಥವಾ ಹುಲಿಯೂರುದುರ್ಗದ ಆಚೆಯ ಹಳ್ಳಿಯವರು ಮೊದಲು ತಾಲ್ಲೂಕು ಕೇಂದ್ರಕ್ಕೆ ಬಂದು ಅಲ್ಲಿ ಬಸ್ಸು ಬದಲಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಓದು ಮುಂದುವರಿಸಲು ಅದೊಂದು ದೊಡ್ಡ ಆಸರೆ. ಹೊತ್ತಿನ ಚಿಂತೆ ಮಾತ್ರ ಹಾಗೇ ಉಳಿಯಿತು.

ಒಂಬತ್ತೂವರೆಯ ಕ್ಲಾಸಿಗೆ ಏಳು ಗಂಟೆಗೆ ಮನೆ ಬಿಡಬೇಕು. ಹಳ್ಳಿಯ ಮನೆಯಲ್ಲಿ ಆ ಹೊತ್ತಿಗೆ ಹಾಲು ಕರೆದು ಡೇರಿಗೆ ಹಾಕುವ ಗಡಿಬಿಡಿ. ಒಲೆಯ ಮೇಲೆ ಕಾಫಿಯೋ ಟೀಯೋ ಆಗಿರುತ್ತದೆ, ತಿಂಡಿ ಆಗಿರುವುದಿಲ್ಲ. ತಾಯಿ ‘ಚಿತ್ರಾನ್ನ ಕಲಸಿಕೊಡ್ತೀನಿ ಇರೇ’ ಅನ್ನುವಷ್ಟರಲ್ಲಿ ‘ಬಸ್ ಹೋಯ್ತದೆ ಕಣಮ್ಮ’ ಎಂದು ಮಗಳು ಓಡುತ್ತಾಳೆ. ಡಬ್ಬಿ ಕಟ್ಟಿಕೊಂಡ ದಿನವೂ ಅದರಲ್ಲಿರುವುದು ಹೆಚ್ಚಾಗಿ ಅನ್ನವೇ: ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತು. ಮುದ್ದೆ ಡಬ್ಬಿಗೆ ಬರುವುದಿಲ್ಲ, ಆರಿದರೆ ಗಟ್ಟಿಯಾಗುತ್ತದೆ. ಸೊಪ್ಪಿನ ಸಾರು ಚೆಲ್ಲುತ್ತದೆ. ಮನೆಯ ರಾತ್ರಿಯೂಟದಲ್ಲಿ ಇನ್ನೂ ಇರುವ ರಾಗಿ ವಿದ್ಯಾರ್ಥಿಯ ಹಗಲಿನಿಂದ ಮಾಯವಾಗಿರುವುದಕ್ಕೆ ಇದೇ ಮೊದಲ ಕಾರಣ.

ಸಂಜೆ ಕಾಲೇಜು ಬಿಟ್ಟು, ಬಸ್ ಸ್ಟ್ಯಾಂಡಿನಲ್ಲಿ ಕಾದು ಮನೆ ಸೇರುವಾಗ ಏಳಾಗುತ್ತದೆ. ಹೀಗೆ ಹನ್ನೆರಡು ತಾಸು ಹೊರಗಿರುವ ಮೈಗೆ ಆಹಾರ ಸಿಗುವುದು ಮೂರು ಕಡೆ: ಬಸ್ ಸ್ಟ್ಯಾಂಡು, ಕಾಲೇಜಿನೆದುರಿನ ಬೇಕರಿ, ಸಂಜೆಯ ತಳ್ಳುಗಾಡಿ.

ಬೇಕರಿ ಯಾಕೆ ಗೆಲ್ಲುತ್ತದೆ?

ಬೇಕರಿಯನ್ನು ಬೈಯುವುದು ಸುಲಭ. ಅದು ವಿದ್ಯಾರ್ಥಿಗೆ ಏನು ಕೊಡುತ್ತದೆ ಎಂದು ನೋಡೋಣ. ಇಪ್ಪತ್ತು ರೂಪಾಯಿ ಆಸುಪಾಸಿನಲ್ಲಿ ಒಂದು ಪಫ್ ಅಥವಾ ಖಾರ ಬನ್ನು ಮತ್ತು ಅರ್ಧ ಟೀ. ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ, ನಿಂತೇ ತಿನ್ನಬಹುದು. ಗೆಳೆಯರ ಜೊತೆ ಅರ್ಧ ಗಂಟೆ ನಿಂತರೂ ಯಾರೂ ಎಬ್ಬಿಸುವುದಿಲ್ಲ. ಅನ್ನ ಸಾಂಬಾರು ತಿನ್ನಬೇಕೆಂದರೆ ಹೋಟೆಲಿಗೆ ನಡೆಯಬೇಕು, ಕೂರಬೇಕು, ಅದರ ಮೂರು ಪಟ್ಟು ದುಡ್ಡು ಕೊಡಬೇಕು, ಮಧ್ಯಾಹ್ನದ ಬಿಡುವಿನಲ್ಲಿ ವಾಪಸ್ ಬರಬೇಕು. ಮನೆಯಿಂದ ದಿನಕ್ಕೆ ಇಷ್ಟೇ ಎಂದು ಎಣಿಸಿ ತಂದ ಹುಡುಗ ಬೇಕರಿಗೆ ಹೋದರೆ ಅವನು ಲೆಕ್ಕ ತಪ್ಪಿದ್ದಾನೆ ಎನ್ನಲಾಗದು.

ದೇಹದ ಲೆಕ್ಕ ಬೇರೆ. ಪಫ್ ಅಂದರೆ ಮೈದಾ ಮತ್ತು ಗಟ್ಟಿ ಕೊಬ್ಬು. ತಕ್ಷಣ ಹೊಟ್ಟೆ ತುಂಬಿದಂತಾಗಿ ಮೂರು ಗಂಟೆಯ ಕ್ಲಾಸಿಗೆ ಮತ್ತೆ ಹಸಿವು, ಜೊತೆಗೆ ತೂಕಡಿಕೆ. ಇದರ ಮೇಲೆ ಟೀ. ಊಟದ ಜೊತೆಗೇ ಕುಡಿದ ಟೀಯಲ್ಲಿನ ಒಗರಿನ ಅಂಶ ಆಹಾರದ ಕಬ್ಬಿಣವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಕಾಲೇಜಿನ ಹೆಣ್ಣುಮಕ್ಕಳು ಇದೇ ವಯಸ್ಸಿನೊಳಗೆ ಬರುತ್ತಾರೆ. ಲ್ಯಾಬಿನಲ್ಲಿ ನಿಂತಾಗ ತಲೆ ಸುತ್ತುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎನ್ನುವ ಹುಡುಗಿಗೆ ‘ಸರಿಯಾಗಿ ತಿನ್ನಮ್ಮ’ ಎಂದು ಮೇಡಂ ಹೇಳುತ್ತಾರೆ. ಎಲ್ಲಿ ತಿನ್ನಬೇಕು ಎಂಬುದನ್ನೂ ಹೇಳಬೇಕಲ್ಲ.

ಸಂಜೆಯ ಗೋಬಿಯ ಕತೆ ರಾಜ್ಯಕ್ಕೆಲ್ಲ ಗೊತ್ತು. 2024ರ ಮಾರ್ಚ್‌ನಲ್ಲಿ ಆರೋಗ್ಯ ಇಲಾಖೆ ರಾಜ್ಯದ ವಿವಿಧೆಡೆಯಿಂದ ತಂದ 171 ಗೋಬಿ ಮಂಚೂರಿ ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿ ಅವು ಅಸುರಕ್ಷಿತ ಎಂದಾಯಿತು. ಸರ್ಕಾರ ಆ ಬಣ್ಣಗಳನ್ನು ನಿಷೇಧಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ 2016ರಲ್ಲಿ, ಮತ್ತೆ 2018ರಲ್ಲಿ ಕ್ಯಾಂಪಸ್ಸಿನೊಳಗೆ ಜಂಕ್ ಫುಡ್ ಮಾರಬೇಡಿ ಎಂದು ಸುತ್ತೋಲೆ ಕಳಿಸಿತ್ತು. ನಿಷೇಧಗಳು ಬೇಕು. ಆದರೆ ಒಂದನ್ನು ತೆಗೆದ ಜಾಗದಲ್ಲಿ ಇನ್ನೊಂದನ್ನು ಇಡದಿದ್ದರೆ ಹಸಿದವರು ಗೇಟಿನ ಹೊರಗೆ ಹೋಗುತ್ತಾರೆ.

ಬೀದಿಬದಿಯದೆಲ್ಲ ಕೆಟ್ಟದ್ದು ಎಂಬ ಮಾತೂ ಸರಿಯಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನೇ ನೋಡಿ. ಹುದುಗಿದ ಹಿಟ್ಟು, ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಜೊತೆಗೆ ಇದೇ ಜಿಲ್ಲೆಯ ತೆಂಗಿನಕಾಯಿಯ ಚಟ್ನಿ. ಬೆಲೆ ಕಡಿಮೆ, ಬಡಿಸುವುದು ಬೇಗ. ನಮ್ಮ ಊರಿನ ತಿಂಡಿಯೇ ಹೊತ್ತಿಗೂ ದುಡ್ಡಿಗೂ ಹೊಂದಿಕೊಂಡರೆ ಹುಡುಗರು ಅದನ್ನು ಬಿಡುವುದಿಲ್ಲ ಎಂಬುದಕ್ಕೆ ಹೆದ್ದಾರಿ ಬದಿಯ ಆ ಹೋಟೆಲುಗಳ ಜನಜಂಗುಳಿಯೇ ಸಾಕ್ಷಿ.

ಊಟ ಹಾಕಿ ಓದಿಸಿದ ಊರು

ಓದುವ ಹುಡುಗನಿಗೆ ಊಟ ಹಾಕುವುದು ಸಮಾಜದ ಹೊಣೆ ಎಂಬುದು ಈ ನಾಡಿಗೆ ಹೊಸದಲ್ಲ. ಒಂದು ಕಾಲಕ್ಕೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದವರ ತಲೆಮಾರೇ ಇದೆ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಆ ಬದುಕಿನ ಕಷ್ಟ, ಅವಮಾನ ಎರಡೂ ಗೊತ್ತು. ಜಾತಿ ನೋಡಿ ಅನ್ನ ಹಾಕುವ ಮಿತಿ ವಾರಾನ್ನಕ್ಕಿತ್ತು. ಬೇರೆ ಬೇರೆ ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಆಮೇಲೆ ಆ ಭಾರ ಹೊತ್ತವು.

ತುಮಕೂರಿನಲ್ಲಿ ಆ ಕೆಲಸವನ್ನು ಯಾರೂ ಊಹಿಸದ ಎತ್ತರಕ್ಕೆ ಒಯ್ದದ್ದು ಸಿದ್ಧಗಂಗಾ ಮಠ. ಜಾತಿ ಮತ ಕೇಳದೆ ಸುಮಾರು ಹತ್ತು ಸಾವಿರದಷ್ಟು ಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ, ಆಶ್ರಯ. ಶಿವಕುಮಾರ ಸ್ವಾಮೀಜಿ 1930ರಲ್ಲಿ ಮಠದ ಉತ್ತರಾಧಿಕಾರಿಯಾದರು. ಮಠ ಬಡವಾಗಿದ್ದ ಆ ದಿನಗಳಲ್ಲಿ ಅವರು ಹಳ್ಳಿ ಹಳ್ಳಿ ತಿರುಗಿ ಧಾನ್ಯದ ಭಿಕ್ಷೆ ತಂದು ಮಕ್ಕಳಿಗೆ ಉಣಿಸಿದರು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲಷ್ಟೇ ಆ ಸುದ್ದಿಯನ್ನು ಹೊರಗೆ ಹೇಳಲಾಯಿತು. ಸುದ್ದಿ ಕೇಳಿ ಮಕ್ಕಳು ಉಪವಾಸ ಕೂರಬಾರದು ಎಂಬುದು ಅವರ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳು ಬರೆದವು. ಈಗ ಆ ದಿನವನ್ನು ರಾಜ್ಯ ದಾಸೋಹ ದಿನವಾಗಿ ಆಚರಿಸುತ್ತದೆ. ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರ ಕ್ಷೇತ್ರದಲ್ಲೂ ಬಂದವರಿಗೆಲ್ಲ ದಾಸೋಹ ನಡೆಯುತ್ತದೆ.

ಭಕ್ತಿಯ ಮಾತನ್ನು ಬದಿಗಿಟ್ಟು ನೋಡಿದರೂ ದಾಸೋಹದ ಅಡುಗೆಮನೆಯಲ್ಲಿ ಕಲಿಯಬೇಕಾದ್ದು ಬಹಳವಿದೆ. ಅಲ್ಲಿನ ಧಾನ್ಯದಲ್ಲಿ ಬಹುಪಾಲು ಸುತ್ತಲಿನ ರೈತರ ಮನೆಗಳಿಂದ ಬಂದದ್ದು. ಸುಗ್ಗಿ ಮುಗಿದ ಮೇಲೆ ರಾಗಿ, ಬೇಳೆಕಾಳು, ತೆಂಗಿನಕಾಯಿ, ತರಕಾರಿ ಗಾಡಿಯಲ್ಲಿ ಬರುತ್ತವೆ. ಬಂದದ್ದೇ ಅಡುಗೆಯಾಗುತ್ತದೆ. ಪಟ್ಟಿ ಬರೆದು ಪೇಟೆಯಿಂದ ತರಿಸುವ ಕ್ರಮ ಕಡಿಮೆ. ಒಂದೇ ಹೊತ್ತಿಗೆ, ಒಂದೇ ಅಡುಗೆ, ಎಲ್ಲರಿಗೂ. ಅಡುಗೆಯ ಬಗೆ ಕಡಿಮೆಯಾದಷ್ಟೂ ಉರುವಲು ಉಳಿಯುತ್ತದೆ, ಮಿಗುವುದೂ ಕಡಿಮೆಯಾಗುತ್ತದೆ.

ಇನ್ನೊಂದು ಸಂಗತಿ ಪಂಕ್ತಿ. ಕೂತವರ ಮುಂದೆ ಬಡಿಸುವವರು ಎರಡು ಮೂರು ಸಲ ಹಾದುಹೋಗುತ್ತಾರೆ. ‘ಅರ್ಧ ಸಾಕಣ್ಣ’ ಎಂದವನಿಗೆ ಅರ್ಧ, ‘ಇನ್ನೊಂಚೂರು ಹಾಕಣ್ಣ’ ಎಂದವನಿಗೆ ಇನ್ನೊಂಚೂರು. ಮತ್ತೆ ಬರುತ್ತಾರೆ ಎಂಬ ನಂಬಿಕೆ ಇರುವುದರಿಂದ ಮೊದಲೇ ರಾಶಿ ಹಾಕಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ಇದು ತಿರುವುಮುರುವು. ಎರಡನೇ ಸಲ ನಿಂತರೆ ಪಲ್ಯ ಖಾಲಿ ಎಂಬ ಭಯಕ್ಕೆ ಮೊದಲ ಸಲವೇ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಅರ್ಧ ಡ್ರಮ್ಮಿಗೆ ಹೋಗುತ್ತದೆ. ತಪ್ಪು ತಟ್ಟೆ ಹಿಡಿದವರದಲ್ಲ, ಬಡಿಸುವ ಕ್ರಮದ್ದು.

ಹೊಲದ ಸಾಲು ತಟ್ಟೆಗೆ ಬರುವ ಬಗೆ

ಗುಬ್ಬಿ, ಕುಣಿಗಲ್ ಸೀಮೆಯ ಖುಷ್ಕಿ ಹೊಲದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ರೂಢಿ ಇರಲಿಲ್ಲ. ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಜೋಳ. ರಾಗಿಗೆ ಮಳೆ ಕೈಕೊಟ್ಟರೂ ತೊಗರಿ ತಡೆದುಕೊಳ್ಳುತ್ತದೆ. ಬೇಳೆಕಾಳಿನ ಬೇರು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ರಾಗಿ ಹುಲ್ಲು ದನಕ್ಕೆ. ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ಹಾಲಿಗೆ ಮೇವು.

ಇದೇ ಸಾಲು ಅಡುಗೆಮನೆಯಲ್ಲಿ ಬಸ್ಸಾರಾಗುತ್ತದೆ. ದಂಟಿನ ಸೊಪ್ಪೋ ಬೆರಕೆ ಸೊಪ್ಪೋ, ಜೊತೆಗೆ ತೊಗರಿ ಬೇಳೆ ಅಥವಾ ಹಸಿ ಅವರೆಕಾಳು ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಬಸಿಯುತ್ತಾರೆ. ಬಸಿದ ಕಟ್ಟನ್ನು ಚೆಲ್ಲುವುದಿಲ್ಲ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣಿನ ಜೊತೆಗೆ ಬೆಂದ ಸೊಪ್ಪು ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಮ್ಮೆ ಬೇಯಿಸಿದ್ದಕ್ಕೆ ಎರಡು ಅಡುಗೆ. ಬೇಯುವಾಗ ನೀರಿಗೆ ಇಳಿದ ಜೀವಸತ್ವ ಲವಣಗಳು ಸಾರಿನಲ್ಲೇ ಉಳಿಯುತ್ತವೆ. ಪಕ್ಕದಲ್ಲಿ ಬಿಸಿ ಮುದ್ದೆ. ಕುದಿಯುವ ಎಸರಿಗೆ ಮೊದಲು ಸ್ವಲ್ಪ ಹಿಟ್ಟನ್ನು ನೀರಲ್ಲಿ ಕದಡಿ ಬಿಟ್ಟು, ಅದು ಉಕ್ಕಿ ಬಂದಾಗ ಒಣ ಹಿಟ್ಟು ಸುರಿದು, ಚೆನ್ನಾಗಿ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. ಅವಸರ ಮಾಡಿದರೆ ಒಳಗೆ ಹಸಿ ಹಿಟ್ಟು ಉಳಿದು ಹೊಟ್ಟೆ ನೋಯುತ್ತದೆ.

ಈ ತಟ್ಟೆಯ ಬೆಲೆಯನ್ನು ವಿಜ್ಞಾನವೂ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಎಂಟು ಮಿಲಿಗ್ರಾಂ ಕೂಡ ಇಲ್ಲ. ರಾಗಿಯ ನಾರಿನಂಶ 11 ಗ್ರಾಂ, ಅಕ್ಕಿಯದು 3 ಗ್ರಾಮಿಗಿಂತ ಕಡಿಮೆ. ಕಬ್ಬಿಣ ರಾಗಿಯಲ್ಲಿ 4.6 ಮಿಲಿಗ್ರಾಂ, ಅಕ್ಕಿಯಲ್ಲಿ ಒಂದಕ್ಕೂ ಕಡಿಮೆ. ಪ್ರೋಟೀನು ಮಾತ್ರ ಎರಡರಲ್ಲೂ ಏಳೆಂಟು ಗ್ರಾಮಿನ ಆಸುಪಾಸು. ಆದ್ದರಿಂದ ಬರೀ ಮುದ್ದೆ ಸಾಲದು, ಕಾಳಿನ ಸಾರು ಬೇಕೇ ಬೇಕು. ರಾಗಿಯಲ್ಲಿರುವ ಕೆಲವು ಅಂಶಗಳು ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಹತ್ತುವುದನ್ನು ಕೊಂಚ ತಡೆಯುತ್ತವೆ ಎಂಬುದೂ ನಿಜ. ಮೊಳಕೆ ಕಟ್ಟಿದ ಹಿಟ್ಟು, ಹುಳಿ ಬಂದ ಅಂಬಲಿ ಆ ತಡೆಯನ್ನು ತಗ್ಗಿಸುತ್ತವೆ. ಅಕ್ಕಡಿ ಹೊಲದಲ್ಲಿ ಒಟ್ಟಿಗೆ ಬೆಳೆದದ್ದನ್ನು ತಟ್ಟೆಯಲ್ಲಿ ಒಟ್ಟಿಗೆ ಇಟ್ಟರೆ ಊಟ ಪೂರ್ತಿಯಾಗುತ್ತದೆ.

ನೀರಿನ ಲೆಕ್ಕವೂ ಇದೆ. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ರಾಗಿ ಈ ಸೀಮೆಯ ಮಳೆಗೇ ಬೆಳೆಯುತ್ತದೆ. ಹೇಮಾವತಿ ಲಿಂಕ್ ಕಾಲುವೆಯ ವಿಚಾರದಲ್ಲಿ ಗುಬ್ಬಿ ಕಡೆಯವರಿಗೂ ಕುಣಿಗಲ್ ಕಡೆಯವರಿಗೂ ಈಚೆಗೆ ಎದ್ದ ತಕರಾರನ್ನು ಕಂಡ ಜಿಲ್ಲೆಗೆ ನೀರಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ದಿನಕ್ಕೆ ಒಂದು ಹೊತ್ತು ಅನ್ನದ ಜಾಗಕ್ಕೆ ರಾಗಿ ಬಂದರೆ ಸಾವಿರಾರು ತಟ್ಟೆಗಳ ಲೆಕ್ಕದಲ್ಲಿ ಅದು ದೊಡ್ಡ ಉಳಿತಾಯ.

ಚೇಳೂರಿನ ಹಲಸು, ಗೇಟಿನಾಚೆಯ ತೆಂಗು

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಜಾಗ. ಅಲ್ಲಿನ ರೈತರೊಬ್ಬರ ತೋಟದ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿ, ಅದರ ಕೆಂಪು ತೊಳೆಯಲ್ಲಿ ಲೈಕೋಪೀನ್ ಎಂಬ ಪೋಷಕಾಂಶ ಹೇರಳವಾಗಿದೆ ಎಂದು ಕಂಡುಕೊಂಡರು. ರೈತರ ತಂದೆಯ ಹೆಸರಿನಿಂದ ‘ಸಿದ್ದು’ ಎಂದು ಹೆಸರಾದ ಆ ತಳಿ ಈಗ ದೇಶದ ನಾನಾ ಕಡೆ ಬೇರು ಬಿಟ್ಟಿದೆ. ಹಣ್ಣು ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಅಂದರೆ ಹಾಸ್ಟೆಲಿನ ಒಂದು ಕೋಣೆಯವರು ಕೂತು ಮುಗಿಸಬಹುದಾದಷ್ಟು.

ಇಷ್ಟು ಹತ್ತಿರದ ಹಲಸು ತುಮಕೂರಿನ ಎಷ್ಟು ಕ್ಯಾಂಟೀನುಗಳಲ್ಲಿ ಸಿಗುತ್ತದೆ? ಹಣ್ಣಿನ ಕಾಲ ಮೇ, ಜೂನ್. ಅದಕ್ಕೆ ಮುಂಚೆ ಎಳೆಕಾಯಿಯ ಪಲ್ಯ, ಆಮೇಲೆ ಬೀಜದ ಸಾರು. ನೀರು, ಗೊಬ್ಬರ ಹೆಚ್ಚು ಬೇಡದೆ ಬದುವಿನ ಮೇಲೆ ನಿಂತು ಫಲ ಕೊಡುವ ಮರ ಅದು. ಎಷ್ಟೋ ಹಣ್ಣು ಕೊಳ್ಳುವವರಿಲ್ಲದೆ ಮರದ ಕೆಳಗೇ ಕೊಳೆಯುತ್ತದೆ. ತೆಂಗಿನದೂ ಅಷ್ಟೆ. ಕಲ್ಪತರು ನಾಡು ಎಂದು ಕರೆಸಿಕೊಳ್ಳುವ ಜಿಲ್ಲೆಯ ಕಾಲೇಜಿನೊಳಗೆ ಬಾಟಲಿ ಪಾನೀಯ ಸುಲಭವಾಗಿ ಸಿಗುತ್ತದೆ, ಎಳನೀರಿಗೆ ಗೇಟಿನಾಚೆ ಹೋಗಬೇಕು.

ಕ್ಯಾಂಟೀನಿನ ಕಷ್ಟವೂ ನಿಜ

ಕ್ಯಾಂಟೀನ್ ನಡೆಸುವವರ ಪಾಡನ್ನು ನೋಡದೆ ತೀರ್ಪು ಕೊಡುವುದು ತರವಲ್ಲ. ಟೆಂಡರಿನಲ್ಲಿ ಹೆಚ್ಚು ಬಾಡಿಗೆ ಕೂಗಿದವರಿಗೆ ಜಾಗ ಸಿಗುತ್ತದೆ. ಆ ಬಾಡಿಗೆಯನ್ನು ಅವರು ತಿಂಡಿಯಲ್ಲೇ ಹುಟ್ಟಿಸಬೇಕು. ಎಣ್ಣೆಯಲ್ಲಿ ಕರಿದದ್ದು ಬೇಗ ಆಗುತ್ತದೆ, ಪ್ಯಾಕೆಟ್ಟಿನದಕ್ಕೆ ಕೆಲಸವೇ ಇಲ್ಲ. ಮುದ್ದೆ ತೊಳಸಲು ಅನುಭವಿ ಕೈ ಬೇಕು, ಬಿಸಿಯಲ್ಲೇ ಖರ್ಚಾಗಬೇಕು.

ರಾಗಿ ಅಗ್ಗ ಎಂಬ ನಂಬಿಕೆಯೂ ಹಳೆಯದಾಯಿತು. 2025–26ರ ಕೇಂದ್ರದ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ನೂರು ಕಿಲೋ ಭತ್ತದಿಂದ ಸಿಗುವುದು ಸುಮಾರು 67 ಕಿಲೋ ಅಕ್ಕಿ ಎಂದು ಹಿಡಿದರೂ ರಾಗಿಯೇ ದುಬಾರಿ. ರೈತನಿಗೆ ಆ ಬೆಲೆ ಸಲ್ಲಲೇಬೇಕು. ಹಾಗಾದರೆ ವ್ಯತ್ಯಾಸವನ್ನು ಯಾರು ಹೊರಬೇಕು? ದಿನಕ್ಕೆ ಎಣಿಸಿ ದುಡ್ಡು ತರುವ ವಿದ್ಯಾರ್ಥಿಯ ಮೇಲೆ ಹೊರಿಸಿದರೆ ಅವನು ಬೇಕರಿಗೆ ಮರಳುತ್ತಾನೆ. ಅದನ್ನು ಸರ್ಕಾರ ಮತ್ತು ವಿಶ್ವವಿದ್ಯಾಲಯ ಹೊರಬೇಕು. ಫ್ರಾನ್ಸಿನಲ್ಲಿ ಸರ್ಕಾರಿ ನೆರವಿನ ವಿಶ್ವವಿದ್ಯಾಲಯ ಭೋಜನಶಾಲೆಗಳು ದಶಕಗಳಿಂದ ನಡೆಯುತ್ತಿವೆ. ವಿದ್ಯಾರ್ಥಿವೇತನ ಪಡೆಯುವವರಿಗೆ ಅಲ್ಲಿ ಒಂದು ಯೂರೋಗೆ ಪೂರ್ತಿ ಊಟ ಸಿಗುತ್ತದೆ. ನಮ್ಮಲ್ಲೇ 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟು, ಮನಸ್ಸು ಮಾಡಿದರೆ ಆಗುತ್ತದೆ ಎಂದು ತೋರಿಸಿತು.

ಎಲ್ಲರೂ ಮುದ್ದೆಯನ್ನೇ ಉಣ್ಣಬೇಕು ಎಂದು ನಾನು ಹೇಳುತ್ತಿಲ್ಲ. ರಾಗಿ ರೊಟ್ಟಿ, ರಾಗಿ ದೋಸೆ, ಮಜ್ಜಿಗೆ ಬೆರೆಸಿದ ಅಂಬಲಿ ಇವೆಲ್ಲ ನಿಂತು ತಿನ್ನುವವರಿಗೂ ಆಗುತ್ತವೆ. ಬಲವಂತ ಮಾಡದೆ, ಆಯ್ಕೆಯನ್ನು ಮಾತ್ರ ಹೆಚ್ಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಉದಾಹರಣೆ ಇದೆ. ಅಲ್ಲಿನ ಕಾಲೇಜು ಕ್ಯಾಂಟೀನುಗಳಲ್ಲಿ ಸಸ್ಯಾಹಾರದ ಪದಾರ್ಥಗಳನ್ನು ನಾಲ್ಕರಲ್ಲಿ ಒಂದರಿಂದ ನಾಲ್ಕರಲ್ಲಿ ಎರಡಕ್ಕೆ ಏರಿಸಿದಾಗ ಅವುಗಳ ಮಾರಾಟ ಶೇ 41ರಿಂದ 79ರವರೆಗೆ ಹೆಚ್ಚಿತು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಉಪದೇಶ ಇಲ್ಲ, ನಿಷೇಧ ಇಲ್ಲ, ಕೌಂಟರಿನ ಮೇಲೆ ಏನಿದೆ ಎಂಬುದಷ್ಟೇ ಬದಲಾಯಿತು. ನಮ್ಮ ಕ್ಯಾಂಟೀನಿನ ನಾಲ್ಕು ತಿಂಡಿಯಲ್ಲಿ ಎರಡು ರಾಗಿಯದೋ ಕಾಳಿನದೋ ಆಗಲಿ.

ಮಿಕ್ಕದ್ದು ಎಲ್ಲಿಗೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ಚೆಲ್ಲಿತು. ಬಳಕೆದಾರರಿಗೆ ಸಿಕ್ಕ ಆಹಾರದಲ್ಲಿ ಇದು ಐದನೇ ಒಂದು ಭಾಗದಷ್ಟು. ಅದರಲ್ಲಿ ಶೇ 28ರಷ್ಟು ಹೋಟೆಲು, ಕ್ಯಾಂಟೀನು, ಹಾಸ್ಟೆಲುಗಳಂಥ ಕಡೆ ಹಾಳಾದದ್ದು. ಚೆಲ್ಲಿದ ಅನ್ನದ ಜೊತೆ ಅದಕ್ಕೆ ಹರಿದ ನೀರು, ಸುರಿದ ಗೊಬ್ಬರ, ಉರಿದ ಗ್ಯಾಸು, ರೈತನ ದುಡಿಮೆ ಎಲ್ಲವೂ ತಿಪ್ಪೆ ಸೇರುತ್ತವೆ. ಗಾಳಿಯಾಡದೆ ಕೊಳೆತರೆ ಮಿಥೇನ್ ಅನಿಲವಾಗಿ ವಾತಾವರಣವನ್ನು ಕಾಯಿಸುತ್ತದೆ.

ಹಳ್ಳಿಯ ಮನೆಯಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಾಗಿ ಹಸುವಿನ ಬಾನಿಗೆ ಹೋಗುತ್ತಿತ್ತು. ಕಾಲೇಜಿನ ಸುತ್ತ ಈಗಲೂ ಹಸು ಸಾಕುವವರಿದ್ದಾರೆ. ಪ್ಲಾಸ್ಟಿಕ್ ಬೆರೆಯದಂತೆ, ಹಳಸದಂತೆ ಬೇರೆ ಡ್ರಮ್ಮಿನಲ್ಲಿ ತೆಗೆದಿಟ್ಟರೆ ಸಿಪ್ಪೆ, ಗಂಜಿ ಅವರಿಗೆ ಬೇಕಾಗುತ್ತದೆ. ಉಳಿದ ಹಸಿ ಕಸಕ್ಕೆ ಗೋಬರ್ ಗ್ಯಾಸ್, ಎರೆಗೊಬ್ಬರ ಇದ್ದೇ ಇವೆ. ಅದಕ್ಕೂ ಮೊದಲು ಆಗಬೇಕಾದ್ದು ಅಳತೆ. ಇಂದು ಎಷ್ಟು ಜನ ಉಣ್ಣುತ್ತಾರೆ ಎಂದು ಬೆಳಿಗ್ಗೆ ಹಾಜರಿಯ ಹೊತ್ತಿಗೇ ಎಣಿಸಿ ಅಡುಗೆಮನೆಗೆ ತಿಳಿಸುವುದು, ಎಷ್ಟು ಮಿಕ್ಕಿತು ಎಂದು ತೂಗಿ ಬೋರ್ಡಿನ ಮೇಲೆ ಬರೆಯುವುದು. ಎನ್‌ಎಸ್‌ಎಸ್ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಸೇವೆ ಯಾವುದಿದೆ?

ಶುರು ಮಾಡುವುದು ಹೀಗೆ

ರಾಜ್ಯದ ಎಲ್ಲ ಪದವಿ ಕಾಲೇಜುಗಳಿಗೆ ನಾಳೆಯೇ ಊಟ ಕೊಡಿ ಎಂದರೆ ಹಣವಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದ್ದರಿಂದ ಮೂರು ಕಡೆ ಶುರುವಾಗಲಿ: ತುಮಕೂರು ವಿಶ್ವವಿದ್ಯಾಲಯದ ಆವರಣ, ಗುಬ್ಬಿಯ ಸರ್ಕಾರಿ ಕಾಲೇಜು, ಕುಣಿಗಲ್‌ನ ಸರ್ಕಾರಿ ಕಾಲೇಜು. ಕ್ಯಾಂಟೀನಿಗೆ ಬಾಡಿಗೆ ಬೇಡ. ಅಡುಗೆಯನ್ನು ಮಹಿಳಾ ಸ್ವಸಹಾಯ ಸಂಘಗಳು ವಹಿಸಿಕೊಳ್ಳಲಿ. ಬಸ್ಸಾರು, ಮುದ್ದೆ, ಉಪ್ಸಾರು ಅವರ ಕೈಯಲ್ಲೇ ಇರುವ ವಿದ್ಯೆ, ಸರ್ಕಾರದ ‘ಅಕ್ಕ ಕೆಫೆ’ಯಂಥ ಮಾದರಿಯೂ ಕಣ್ಣ ಮುಂದಿದೆ. ಬೆಳಿಗ್ಗೆ ಬಸ್ಸಿಳಿದು ಬಂದವರಿಗೆ ಅಂಬಲಿ ಅಥವಾ ಇಡ್ಲಿ, ಮಧ್ಯಾಹ್ನ ಒಂದೇ ಬಗೆಯ ಪೂರ್ತಿ ಊಟ, ಪಂಕ್ತಿಯಲ್ಲಿ ಬಡಿಸಿದ್ದು. ವಾರಕ್ಕೆ ಮೂರು ದಿನವಾದರೂ ರಾಗಿ. ವಿದ್ಯಾರ್ಥಿ ಒಂದು ಪಫ್ಫಿನಷ್ಟು ದುಡ್ಡು ಕೊಡಲಿ, ಅದೂ ಆಗದವರಿಗೆ ಯಾರಿಗೂ ಕಾಣದಂತೆ ರಿಯಾಯಿತಿ ಇರಲಿ. ಊಟದ ಸಮಿತಿಯಲ್ಲಿ ವಿದ್ಯಾರ್ಥಿಗಳಿರಲಿ, ಅದರಲ್ಲೂ ದೂರದ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಇರಲೇಬೇಕು. ಯಾವ ಹೊತ್ತಿಗೆ ಹಸಿವಾಗುತ್ತದೆ ಎಂದು ಅವರಿಗೇ ಗೊತ್ತು.

ಇದಕ್ಕೆ ದಿನ ನೋಡುವುದು ಮುಖ್ಯ. ರಾಗಿ ಬಿತ್ತುವುದು ಜುಲೈ ಸುಮಾರಿಗೆ, ಕಣಕ್ಕೆ ಬರುವುದು ಡಿಸೆಂಬರಿಗೆ. ಇಷ್ಟು ಕ್ವಿಂಟಲ್ ರಾಗಿ, ಇಷ್ಟು ತೊಗರಿ, ಇಷ್ಟು ಅವರೆಯನ್ನು ಈ ಬೆಲೆಗೆ ಕೊಳ್ಳುತ್ತೇವೆ ಎಂದು ಕಾಲೇಜು ಬಿತ್ತನೆಗೆ ಮೊದಲೇ ತಾಲ್ಲೂಕಿನ ರೈತ ಉತ್ಪಾದಕರ ಕಂಪನಿಯೊಂದಿಗೆ ಮಾತಾಡಬೇಕು. ಕೊಳ್ಳುವವರು ಖಚಿತವಾದರೆ, ಬರೀ ರಾಗಿಯನ್ನೋ ಅಡಿಕೆಯನ್ನೋ ನಂಬಿದ ರೈತ ಕೈಬಿಟ್ಟ ಅಕ್ಕಡಿ ಸಾಲನ್ನು ಮತ್ತೆ ಎಳೆಯಲು ಕಾರಣ ಸಿಗುತ್ತದೆ. ಆದ್ದರಿಂದ ಮುಂಗಾರಿನ ಮೊದಲೇ ಪ್ರಾಂಶುಪಾಲರೂ ಕುಲಪತಿಗಳೂ ಶಾಸಕರೂ ಒಂದು ಮೇಜಿನ ಸುತ್ತ ಕೂರಲಿ. ಆ ಸಭೆ ಕರೆಯಿರಿ ಎಂದು ಕೇಳುವ ಹಕ್ಕು ವಿದ್ಯಾರ್ಥಿಗಳಿಗಿದೆ, ಅವರು ಕೇಳಬೇಕು.